ಅಕ್ಕನ ನಿಲುವಿನ ಮೇಲರ್ಧ

ಮಂಡಕ್ಕಿ ಮೆಣಸಿನಕಾಯಿ ತಿಂದು, ಕೈ ಒರೆಸಿಕೊಂಡು, ಕಾಗದ ಮುದುರಿ ಎಸೆಯುವ ಜಾತಿಯವನಲ್ಲ ನಾನು. ಎಸೆಯುವ ಮುಂಚೆ ಓದುತ್ತೇನೆ. ಎಣ್ಣೆ ಕುಡಿದ ಕಾಗದವನ್ನು ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಅಕ್ಷರಗಳೂ ಮುಂದಕ್ಕೆ ಬಂದು ಕೂರುತ್ತವೆ. ಒಂದು ಕಡೆ ಮದುವೆಯ ಸೀರೆಗಳ ಜಾಹೀರಾತು, ಅದರ ಹೊಟ್ಟೆಯೊಳಗೆ ಯಾರದೋ ಶ್ರದ್ಧಾಂಜಲಿ. ಅದನ್ನೂ ಬಿಡಿಸಿ ಓದುತ್ತೇನೆ. ಶಾಲೆಯಲ್ಲಿ ನಾನು ಓದಿದ್ದು ಏಳನೇ ಕ್ಲಾಸು. ಉಳಿದ ವಿದ್ಯೆಯೆಲ್ಲ ಪೊಟ್ಟಣದ ಕಾಗದದ ಮೇಲೆ ಆದದ್ದು.

ಇದಕ್ಕೆ ಕಾರಣ ನಮ್ಮಕ್ಕ ಗೌರಕ್ಕ. ಅಪ್ಪ ದಾವಣಗೆರೆಯ ಬಟ್ಟೆ ಗಿರಣಿಯಲ್ಲಿದ್ದರು. ವಾರಕ್ಕೊಮ್ಮೆ ಮಂಡಕ್ಕಿ ಪೊಟ್ಟಣ ತರುತ್ತಿದ್ದರು. ನಾನು ಮಂಡಕ್ಕಿಗೆ ಕೈ ಹಾಕಿದರೆ ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಕಾಗದಕ್ಕೆ ಕೈ ಹಾಕುತ್ತಿದ್ದಳು. ತೊಡೆಯ ಮೇಲೆ ಅದನ್ನು ಉಜ್ಜಿ ಸಪಾಟು ಮಾಡಿ, "ಓದು, ಆಮ್ಯಾಲೆ ತಿನ್ನು" ಎನ್ನುವಳು. ಹೀಗೆ ನಾನು ಅರ್ಧರ್ಧ ಕಲಿತೆ. ಒಮ್ಮೆ ಒಂದು ಕಾಗದದಲ್ಲಿ "ಹಾವು ಕಚ್ಚಿದ ಕೂಡಲೇ ಗಾಬರಿಯಾಗದೆ ಮೊದಲು" ಎಂದಿತ್ತು, ಅಲ್ಲಿಗೆ ಕಾಗದ ಹರಿದಿತ್ತು. ಮೊದಲು ಏನು ಮಾಡಬೇಕು ಎಂದು ಎಷ್ಟೋ ವರ್ಷ ನನಗೆ ಗೊತ್ತಾಗಲಿಲ್ಲ. ಗೊತ್ತಾಗುವ ತನಕ ಯಾವ ಹಾವೂ ಕಚ್ಚಲಿಲ್ಲ, ಅದೊಂದು ಪುಣ್ಯ.

ಅಕ್ಕ ಮುಂದೆ ಓದಿ ಹೈಸ್ಕೂಲ್ ಟೀಚರ್ ಆದಳು. ನಾನು ಹೊಲಿಗೆ ಕಲಿತು ದರ್ಜಿಯಾದೆ. ಇಷ್ಟು ಹೇಳಿದ್ದು ಯಾಕೆಂದರೆ, ಅರ್ಧ ಹಾಳೆಯ ಅಪಾಯ ಈ ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನೇ ಮಾಡಿದ ತಪ್ಪಿನ ಕಥೆ ಇದು.

ರಿಟೈರಾದ ಮೇಲೆ ಅಕ್ಕ ಸುಮ್ಮನೆ ಕೂರುತ್ತಾಳೆಂದು ನಾವೆಲ್ಲ ಅಂದುಕೊಂಡಿದ್ದೆವು. ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂತು. ಓಟು ಕೇಳಲು ಬಂದವರೆಲ್ಲ ಚರಂಡಿಯ ಮಾತು, ಬೀದಿ ದೀಪದ ಮಾತು ಆಡಿ ಹೋದರು. ಅಕ್ಕನಿಗೆ ರೇಗಿತು. "ಪಂಚಾಯ್ತಿಗೆ ನಿಂತೋರು ಇಡೀ ದೇಶದ ಮಾತಾಡ್ತಾರೆ, ದೆಲ್ಲಿಗೆ ಹೋಗೋರು ಚರಂಡಿ ಮಾತಾಡ್ತಾರೆ. ಅಲ್ಲಿ ಹೋಗಿ ಯಾವುದಕ್ಕೆ ಕೈ ಎತ್ತೀರಿ ಅಂತ ಕೇಳಿದ್ರೆ ಒಬ್ರಿಗೂ ಬಾಯಿಲ್ಲ" ಎಂದಳು. ಮರುವಾರ ಹೋಗಿ ಪಕ್ಷೇತರಳಾಗಿ ನಾಮಪತ್ರ ಕೊಟ್ಟು ಬಂದಳು! ಚಿಹ್ನೆ ಸ್ಲೇಟು. ಮನೆಯಲ್ಲಿ ಸಡಗರವೋ ಸಡಗರ. ನನ್ನ ಹೆಂಡತಿ ಓಣಿಯವರಿಗೆಲ್ಲ ಸ್ಲೇಟು ಸ್ಲೇಟು ಎಂದು ಹೇಳಿ ಗಂಟಲು ಕಟ್ಟಿಸಿಕೊಂಡಳು. ನಾನು ಹೊಲಿದ ಅಂಗಿಯ ಜೇಬಿಗೆಲ್ಲ ಒಂದೊಂದು ಸ್ಲೇಟಿನ ಚಿತ್ರ ತೂರಿಸಿ ಕೊಡುತ್ತಿದ್ದೆ.

ಭಾಷಣಕ್ಕಿಂತ ಅಕ್ಕನಿಗೆ ಬರಹದ ಮೇಲೆ ನಂಬಿಕೆ. ಕರಪತ್ರ ಮಾಡಿಸಿದಳು. ಒಂದು ಹಾಳೆಗೆ ಒಂದೇ ವಿಷಯ, ಅಂಥ ನಾಲ್ಕು ಹಾಳೆ. ಬೆಂಬಲ ಬೆಲೆಗೆ ಕಾನೂನು ಬೇಕೋ ಬೇಡವೋ. ದೇಶಕ್ಕೆಲ್ಲ ಒಂದೇ ಸಲ ಚುನಾವಣೆ ಆಗಬೇಕೋ ಬೇಡವೋ. ಜನಸಂಖ್ಯೆ ನೋಡಿ ಲೋಕಸಭೆ ಸೀಟು ಹಂಚುವುದು ಸರಿಯೋ ತಪ್ಪೋ. ಕೇಂದ್ರದ ನೌಕರಿ ಪರೀಕ್ಷೆ ಯಾವ ಭಾಷೆಯಲ್ಲಿರಬೇಕು. ಹಾಳೆಯ ಮೇಲ್ಗಡೆ ಅಕ್ಕನ ಫೋಟೊ, ಸ್ಲೇಟು, ಹೆಸರು, ಪ್ರಶ್ನೆ. ಅದರ ಕೆಳಗೆ "ಒಂದು ಮಾತು" ಎಂಬ ತಲೆಬರಹ ಕೊಟ್ಟು ತನ್ನ ಎದುರಿನವರ ವಾದ. ಹಾಳೆಯ ಕೆಳಗಿನ ಅರ್ಧದಲ್ಲಿ "ಇನ್ನೊಂದು ಮಾತು, ಅದೇ ನನ್ನ ಮಾತು" ಎಂದು ಅಕ್ಕನ ನಿಲುವು.

"ಎದುರಿನವರ ಮಾತಿಗೆ ಮೊದಲ ಜಾಗ ಯಾಕ ಕೊಟ್ಟೆ?" ಎಂದು ಕೇಳಿದೆ.

"ಅವರ ಮಾತನ್ನ ಅವರಿಗಿಂತ ಚಂದ ಹೇಳ್ದೆ ಇದ್ರೆ, ನನ್ನ ಮಾತಿಗೆ ಏನು ಬೆಲಿ ಐತೆ?" ಎಂದಳು.

ಇದು ಅಕ್ಕನ ಸ್ವಂತ ಆವಿಷ್ಕಾರವಲ್ಲ. ನಂದಿಗುಡಿ ಕಡೆಯ ಮಠದಲ್ಲಿ ಒಮ್ಮೆ ಪ್ರವಚನ ಕೇಳಿದ್ದೆ. ಹಿಂದಿನ ಪಂಡಿತರು ವಾದಕ್ಕೆ ಕೂತರೆ ಮೊದಲು ಎದುರಾಳಿಯ ಮಾತನ್ನೇ ಪೂರ್ತಿ ಹೇಳಬೇಕಿತ್ತಂತೆ. ಅದಕ್ಕೆ ಪೂರ್ವಪಕ್ಷ ಎಂದು ಹೆಸರು. ಎದುರಾಳಿ "ಹೌದು, ಇದೇ ನನ್ನ ಮಾತು" ಎಂದು ತಲೆದೂಗಿದ ಮೇಲೆಯೇ ತಮ್ಮ ಸಿದ್ಧಾಂತ. ಪಂಡಿತರು ನಡುವೆ ಎದ್ದು ಮನೆಗೆ ಹೋದರೆ ಏನಾಗುತ್ತಿತ್ತು ಎಂದು ಆ ಸ್ವಾಮಿಗಳು ಹೇಳಿರಲಿಲ್ಲ. ಅದನ್ನು ಕಂಡುಹಿಡಿಯುವ ಭಾಗ್ಯ ನನ್ನದಾಯಿತು.

ಹರಿಹರ ಊರನ್ನು ಅಕ್ಕ ನನಗೆ ವಹಿಸಿದಳು. ಎರಡು ಚೀಲ ಕರಪತ್ರ ಕೊಟ್ಟು, "ಮನಿ ಮನಿಗೆ ಹೋಗಿ ಕೈಯಾಗೆ ಕೊಡು. ಎರಡು ಮಾತಾಡು" ಎಂದಳು. ಹುಮ್ಮಸ್ಸಿನಲ್ಲೇ ಬಸ್ಸು ಹತ್ತಿದೆ. ಮೊದಲ ಮನೆಯಲ್ಲಿ ಕಾಗದ ಇಸಿದುಕೊಂಡು ಬಾಗಿಲು ಹಾಕಿದರು. ಎರಡನೆಯ ಮನೆಯ ಜಗಲಿಯಲ್ಲಿ ಕನ್ನಡಕದ ಹಿರಿಯರೊಬ್ಬರು ಕೂತಿದ್ದರು. "ಕೂಡ್ರಿ. ಸೀಟು ಹಂಚೋ ವಿಷಯದಾಗೆ ನಿಮ್ಮ ಅಕ್ಕಾರ ನಿಲುವೇನು?" ಎಂದು ಪ್ರೀತಿಯಿಂದಲೇ ಕೇಳಿದರು. ನಾನು ಅಕ್ಕನ ಒಂದು ಹಾಳೆಯನ್ನೂ ಓದಿರಲಿಲ್ಲ! ಬಜ್ಜಿ ಕಾಗದ ಬಿಡದೆ ಓದುವ ನಾನು, ಅಕ್ಕ ರಾತ್ರಿಯೆಲ್ಲ ಕೂತು ಬರೆದದ್ದನ್ನು ಓದಿರಲಿಲ್ಲ. ಮನೆಯದೇ ಅಲ್ಲವೇ, ಯಾವಾಗಲಾದರೂ ಓದಿದರಾಯಿತು ಎಂಬ ಉಡಾಫೆ. "ಅದರಾಗೇ ಐತೆ ನೋಡ್ರಿ" ಎಂದು ಎದ್ದು ಓಡಿದೆ.

ಮೂರನೆಯ ಮನೆಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಅಂಗಡಿ ಇಟ್ಟಿರುವ ಗೆಳೆಯ ಕೊಟ್ರೇಶಿಯ ಬೆಂಚಿನ ಮೇಲೆ ಹೋಗಿ ಕೂತೆ.

"ಏನಲೇ ಇದು, ಇಷ್ಟು ಹಾಳಿ?" ಎಂದ.

"ಅಕ್ಕಂದು. ಇಟ್ಕೊಂಡಿರು."

"ಇಟ್ಕೊಂಡು ಏನ್ ಮಾಡ್ಲಿ?"

"ಏನರ ಮಾಡು" ಎಂದೆ.

ಈ ಎರಡು ಪದ ನನ್ನ ಬಾಯಿಂದ ಬಂದವು. ಅವನು ತಪ್ಪು ತಿಳಿದ ಎಂದು ನಾನು ಜಾರಿಕೊಳ್ಳುವ ಹಾಗಿಲ್ಲ. ಮಂಡಕ್ಕಿ ಅಂಗಡಿಯವನಿಗೆ ಕಾಗದ ಕೊಟ್ಟು ಏನಾದರೂ ಮಾಡು ಎಂದರೆ ಏನು ಮಾಡುತ್ತಾನೆ ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಸಂಜೆ ಮನೆಗೆ ಬಂದಾಗ ಅಕ್ಕ, "ಮುಟ್ಟಿದುವೇನೋ?" ಎಂದಳು. "ಎಲ್ಲಾ ಮನಿಗೂ ಮುಟ್ಟಿದುವಕ್ಕಾ" ಎಂದೆ. ಆಗ ಅದು ಸುಳ್ಳು. ನಾಲ್ಕೈದು ದಿನದೊಳಗೆ ಅದು ಪೂರ್ತಿ ನಿಜವಾಯಿತು.

ಮುಂದಿನ ಭಾನುವಾರ ಮಧ್ಯಾಹ್ನ ಹರಿಹರದ ಒಂದು ಸಮುದಾಯ ಭವನದಲ್ಲಿ ಅಕ್ಕನ ಸಭೆ. ಇಪ್ಪತ್ತು ಜನ ಬಂದರೆ ಹೆಚ್ಚು ಎಂದುಕೊಂಡು ಹೋದರೆ, ಅಯ್ಯೋ, ಬಾಗಿಲಲ್ಲೂ ಜನ, ಕಿಟಕಿಯಲ್ಲೂ ಜನ! ಅಕ್ಕ ಗೆದ್ದೇಬಿಟ್ಟಳು ಎಂದುಕೊಂಡೆ. ದೆಲ್ಲಿಗೆ ಹೋಗುವವಳಿಗೆ ಎಂಥ ರವಿಕೆ ಹೊಲಿಯಬೇಕು ಎಂಬ ತನಕ ನನ್ನ ಯೋಚನೆ ಓಡಿತು. ಆಮೇಲೆ ನೋಡಿದೆ. ಬಂದವರ ಕೈಯಲ್ಲೆಲ್ಲ ಒಂದೊಂದು ತುಂಡು ಕಾಗದ. ಎಲ್ಲದರ ಮೇಲೂ ಅಕ್ಕನ ಫೋಟೊ, ಎಲ್ಲದರ ಮೇಲೂ ಎಣ್ಣೆ. ಎಲ್ಲವೂ ಅರ್ಧ.

ನಂದಿಗುಡಿಯಿಂದ ಬಸ್ಸಿಗೆ ಬಂದಿದ್ದ ಹಾಲಪ್ಪ ಎಂಬ ಭತ್ತದ ರೈತ ಎದ್ದು ನಿಂತ. "ಟೀಚರ್, ನಮಸ್ಕಾರ. ಬೆಂಬಲ ಬೆಲಿಗೆ ಕಾನೂನು ಬಂದ್ರೆ ಗೋದಾಮು ತುಂಬಿ ಕೊಳಿತಾವೆ, ಎಲ್ರೂ ಭತ್ತನೇ ಹಾಕ್ಕೊಂಡು ನೆಲ ಕೆಡಿಸ್ತಾರೆ ಅಂತ ಬರ್ದೀರಿ. ಭತ್ತ ಬೆಳಿಯೋರ ಸೀಮಿಗೆ ಬಂದು ಹಿಂಗೆ ಬರಿಯಾಕೂ ಎದಿ ಬೇಕು ಬಿಡ್ರಿ. ನಿಮ್ಮ ಧೈರ್ಯ ನೋಡಿ ಹೋಗನಾ ಅಂತ ಬಂದೆ!"

ಸಭೆ ಘೊಳ್ಳೆಂದಿತು. ಹಿಂದಿನಿಂದ ಇನ್ನೊಬ್ಬ ಕೂಗಿದ: "ಕನ್ನಡ ಕಲಿಸಿದ ಟೀಚರಮ್ಮ ಪರೀಕ್ಷಿ ಎಲ್ಲಾ ಒಂದೇ ಭಾಷಿಯಾಗಿರ್ಲಿ ಅಂತಾಳಲ್ಲಪ್ಪೋ! ನಮ್ಮ ಮಕ್ಕಳೇನು ಮಣ್ಣು ತಿನ್ನಬೇಕಾ?"

ಅಕ್ಕ ಹಾಲಪ್ಪನ ಕೈಯಿಂದ ಕಾಗದ ಇಸಿದುಕೊಂಡಳು. ನೋಡಿದಳು. ಮೂಗಿನ ಹತ್ತಿರ ಹಿಡಿದಳು. ಕೆಳಗಿನ ಅಂಚಿನ ಮೇಲೆ ಬೆರಳಾಡಿಸಿದಳು. ಆಮೇಲೆ, ಮೈಕಿನ ಡಬ್ಬದ ಪಕ್ಕ ನಿಂತಿದ್ದ ನನ್ನ ಕಡೆ ನೋಡಿದಳು. ನನ್ನ ತಮ್ಮ ಮಾಡಿದ ಕೆಲಸ ಎಂದು ಒಂದು ಮಾತು ಹೇಳಿದ್ದರೆ ಅವಳು ಅಲ್ಲಿಗೇ ಪಾರಾಗುತ್ತಿದ್ದಳು. ಹೇಳಲಿಲ್ಲ. ನಲವತ್ತು ವರ್ಷ ಒಂದೇ ಮಾತಿನವಳು ಎನಿಸಿಕೊಂಡವಳ ಹೆಸರು ಎಣ್ಣೆಗಾಗದದ ಮೇಲೆ ಹೋಗುತ್ತಿತ್ತು.

ನಾನು ಓಡಿದೆ! ಈ ವಯಸ್ಸಿನಲ್ಲಿ, ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲದೆ, ಆಟೊಗಳ ನಡುವೆ ನುಗ್ಗಿ ಓಡಿದೆ. ಕೊಟ್ರೇಶಿ ಬಾಣಲೆಗೆ ಮೆಣಸಿನಕಾಯಿ ಬಿಡುತ್ತಿದ್ದ.

"ಕೆಳಗಿನ ಅರ್ಧ ಎಲ್ಲಲೇ?"

"ಯಾತರದು?"

"ಅಕ್ಕನ ಹಾಳಿ! ಕೆಳಗಿನ ಅರ್ಧ!"

"ನಡುವಿಗೆ ಸರಿಯಾಗಿ ಕೊಯ್ದು ಎರಡು ಕಟ್ಟು ಮಾಡಿದ್ದೆ. ಫೋಟೊ ಇದ್ದ ಕಟ್ಟು ಮೊದಲು ತೆಗ್ದೆ, ನೋಡಾಕೆ ಲಕ್ಷಣ ಅಂತ. ಇನ್ನೊಂದು ಕಟ್ಟು ಅಗೋ ಅಲ್ಲೈತೆ. ಇವತ್ತು ಸಂಜಿಯಿಂದ ಅವು" ಎಂದ.

ಕಟ್ಟನ್ನು ಎದೆಗೆ ಅವುಚಿಕೊಂಡು ವಾಪಸು ಓಡಿದೆ. ಅಷ್ಟರಲ್ಲಿ ಜನ ಅಕ್ಕನನ್ನು ಹರಿದು ತಿಂದಿರುತ್ತಾರೆ ಎಂದುಕೊಂಡಿದ್ದೆ. ಒಳಗೆ ಹೋದರೆ ಬೇರೆಯೇ ನಡೆದಿತ್ತು. ಅಕ್ಕ ಕ್ಲಾಸು ತೆಗೆದುಕೊಳ್ಳುತ್ತಿದ್ದಳು! "ನನ್ನ ತಮ್ಮ ಬರೋತನಕ ಈ ಮೇಲಿನ ಮಾತಿಗೆ ಯಾರ ಒಪ್ಪಿಗೆ ಐತೆ, ಯಾರದಿಲ್ಲ, ಎದ್ದು ನಿಂತು ಹೇಳ್ರಿ" ಎಂದು ಎಬ್ಬಿಸಿದ್ದಳಂತೆ. ಹಾಲಪ್ಪನ ಹಿಂದೆ ಕೂತಿದ್ದ ಹದಡಿಯ ರೈತನೊಬ್ಬ, "ಗೋದಾಮಿನ ಮಾತು ಖರೇ ಐತೆ ಹಾಲಪ್ಪಣ್ಣ, ಸಿಟ್ಟು ಮಾಡ್ಕೋಬ್ಯಾಡ" ಎನ್ನುತ್ತಿದ್ದ. ಹಾಲಪ್ಪ, "ಸುಗ್ಗಿಯಾಗೆ ದಲ್ಲಾಳಿ ಹೇಳಿದ ರೇಟಿಗೆ ಕೊಟ್ಟು ಬಾ, ಆಮ್ಯಾಲೆ ಗೋದಾಮಿನ ಮಾತಾಡು" ಎಂದು ತೋಳು ಏರಿಸುತ್ತಿದ್ದ. ಅಕ್ಕನ ಮುಖ ಹೊಳೆಯುತ್ತಿತ್ತು. ಅವಳು ಕೇಳಬೇಕೆಂದಿದ್ದ ಮಾತುಗಳನ್ನೆಲ್ಲ ಜನರೇ ಆಡುತ್ತಿದ್ದರು.

ಜೀವನದಲ್ಲಿ ಮೊದಲ ಸಲ ಮೈಕು ಹಿಡಿದೆ. "ಇದು ಕೆಳಗಿನ ಅರ್ಧ. ಮೇಲಿಂದು ಎದುರಿನವರ ಮಾತು, ಅಕ್ಕನ ಮಾತು ಇದರಾಗೈತೆ. ಮನಿ ಮನಿಗೆ ಕೊಡು ಅಂದಿದ್ಲು. ನಾನು ಕೊಡಲಿಲ್ಲ, ಮಂಡಕ್ಕಿ ಅಂಗಡಿಗೆ ಕೊಟ್ಟೆ. ಎಲ್ಲಾ ಮನಿಗೂ ಮುಟ್ಟಿದುವು ಅಂತ ಅಕ್ಕಗೆ ಸುಳ್ಳೂ ಹೇಳಿದೆ. ತಪ್ಪು ಅಕಿದಲ್ಲ, ನಂದು" ಎಂದೆ. ಕಣ್ಣು ಮಂಜಾಯಿತು.

ಕಿಟಕಿಯಿಂದ ಯಾರೋ, "ಇರ್ಲಿ ಬಿಡಪ್ಪ, ಮಂಡಕ್ಕಿ ಚಲೋ ಇತ್ತು!" ಎಂದರು.

ಆಮೇಲಿನ ಅರ್ಧ ಗಂಟೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಜನ ತಮ್ಮ ಜಿಡ್ಡು ಕಾಗದಕ್ಕೆ ನನ್ನ ಒಣ ಕಾಗದ ಕೂಡಿಸಿ, ಅಂಚಿಗೆ ಅಂಚು ತಾಗಿಸಿ ಓದಿದರು. "ನಂಗೆ ಭಾಷೆಯ ಕೆಳಗಿಂದು ಬಂದೈತೆ, ಸೀಟಿಂದು ಯಾರ್ಹತ್ರ ಐತೆ?" ಎಂದು ಕೂಗಿ ಅದಲುಬದಲು ಮಾಡಿಕೊಂಡರು. ಮೂವತ್ತು ವರ್ಷ ಬಟ್ಟೆಯ ತುಂಡಿಗೆ ತುಂಡು ಸೇರಿಸಿ ಹೊಲಿದವನು ನಾನು. ಇಷ್ಟು ಖುಷಿ ಕೊಟ್ಟ ಹೊಲಿಗೆ ಇನ್ನೊಂದಿಲ್ಲ. ಹಾಲಪ್ಪ ಎರಡೂ ಅರ್ಧ ಓದಿ ಮುಗಿಸಿ, "ಕೆಳಗಿಂದು ನನ್ನ ಮಾತೇ ಐತಲ್ಲರೀ. ಮೊದಲೇ ಕೆಳಗಿನ ತುಂಡಿನಾಗೆ ಮಂಡಕ್ಕಿ ಕಟ್ಟಿದ್ರೆ ನನಗೆ ಬಸ್ಸಿನ ತ್ರಾಸು ತಪ್ತಿತ್ತು" ಎಂದ.

ಅಕ್ಕ ಗೆಲ್ಲಲಿಲ್ಲ. ಗೆಲ್ಲುತ್ತೇನೆಂದು ಅವಳೂ ಅಂದುಕೊಂಡಿರಲಿಲ್ಲ. ಆದರೆ ಬೇರೆ ಯಾವ ಊರಲ್ಲೂ ಅವಳ ಹಾಳೆಯನ್ನು ಹರಿಹರದವರಷ್ಟು ಓದಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಇದನ್ನು ನನ್ನ ಸಾಧನೆ ಎಂದು ಹೇಳಿಕೊಳ್ಳುವಷ್ಟು ನಾಚಿಕೆಗೆಟ್ಟವನಲ್ಲ. ಒಂದೆರಡು ಸಲ ಹೇಳಿಕೊಂಡಿದ್ದೇನೆ, ಅಷ್ಟೆ.

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಬೈಯಲಿಲ್ಲ. ಒಂದೇ ಮಾತು ಕೇಳಿದಳು. "ನೀನು ಓದಿದ್ಯೇನೋ?"

"ಇಲ್ಲಕ್ಕಾ" ಎಂದೆ. ಅಕ್ಕ ಚೀಲದಿಂದ ಒಂದು ಹಾಳೆ ತೆಗೆದು, ತೊಡೆಯ ಮೇಲೆ ಉಜ್ಜಿ ಸಪಾಟು ಮಾಡಿ ಕೊಟ್ಟಳು. ಒಂದೇ ಸಲ ಚುನಾವಣೆಯ ಹಾಳೆ. ಮೇಲಿಂದ ಕೆಳಗಿನ ತನಕ ಓದಿದೆ. ಪದೇ ಪದೇ ಚುನಾವಣೆಯಾದರೆ ಕೆಲಸ ನಿಲ್ಲುತ್ತದೆ, ಟೀಚರುಗಳು ಕ್ಲಾಸು ಬಿಟ್ಟು ಬೂತಿಗೆ ಹೋಗಬೇಕು ಎಂದು ಮೇಲರ್ಧ. ಆಗಾಗ ಚುನಾವಣೆಯಾದರೇನೇ ಗೆದ್ದವರು ಆಗಾಗ ಮನೆ ಬಾಗಿಲಿಗೆ ಬರುವುದು, ಆ ಹಕ್ಕು ಬಿಡಬಾರದು ಎಂದು ಕೆಳಗಿನರ್ಧ. ಮತ್ತೊಮ್ಮೆ ಓದಿದೆ.

"ಅಕ್ಕಾ, ಇದರಾಗೆ ನಾನು ಮೇಲರ್ಧದ ಕಡೆ."

"ಯಾಕ?" ಎಂದಳು, ಪೂರಾ ಟೀಚರ್ ದನಿಯಲ್ಲಿ.

"ನನ್ನ ಮಗಳನ್ನ ತೊಟ್ಟಿಲಿಗೆ ಹಾಕೋ ದಿನ ಸೋದರತ್ತಿ ಕಿವಿಯಾಗೆ ಹೆಸರು ಹೇಳಬೇಕಿತ್ತು. ನೀನು ಎಲೆಕ್ಷನ್ ಡ್ಯೂಟಿ ಅಂತ ಆನಗೋಡಿನ ಬೂತಿನಾಗೆ ಯಾರ್ದೋ ಬೆರಳಿಗೆ ಶಾಯಿ ಹಚ್ತಾ ಕುಂತಿದ್ದೆ. ಪಕ್ಕದ ಮನಿಯಾಕಿ ಹೇಳಿದ್ಲು."

ಅಕ್ಕ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀನು ಕೇಳಿರ್ಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಗೆದ್ದೆ ಎಂದುಕೊಂಡೆ. ಆದರೆ ಅವಳು ನನ್ನ ಕಡೆ ತಿರುಗಿ, "ಆದ್ರೂ ನನ್ನ ನಿಲುವು ಬದಲಾಗಂಗಿಲ್ಲ. ಯಾಕಂದ್ರೆ ಕೇಳು" ಎಂದು ಶುರು ಮಾಡಿದಳು. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಹುಟ್ಟಿದಾಗಿನಿಂದ ಅಕ್ಕ ಹೇಳಿದ್ದಕ್ಕೆ ಹೂಂ ಎಂದವನು, ಅವತ್ತು ಮೊದಲ ಸಲ ಊಹೂಂ ಎಂದಿದ್ದೆ. ಇಬ್ಬರಿಗೂ ಎಂಥ ಹುರುಪು!

"ಅಕ್ಕಾರೇ" ಎಂದು ಕಂಡಕ್ಟರ್ ಪಕ್ಕಕ್ಕೆ ಬಂದು ನಿಂತ. "ದಾವಣಗೆರಿ ಬಂದು ಹತ್ತು ನಿಮಿಷ ಆತು, ಬಸ್ ಖಾಲಿ ಐತೆ. ಇಳೀತೀರೋ, ಇಲ್ಲಾ ನಾನೂ ಕೂತ್ಕೊಳ್ಳಲೋ?"

ಅಕ್ಕ ಚೀಲ ಸರಿಸಿ ಜಾಗ ಮಾಡಿದಳು. "ಕೂಡಪ್ಪ. ಇದರಾಗೆ ನೀನೇನಂತಿ, ಓದಿ ಹೇಳು" ಎಂದು ಒಂದು ಹಾಳೆ ಅವನ ಕೈಗೆ ಕೊಟ್ಟಳು.

ಇಡೀ ಹಾಳೆ.