ಮೂರನೆಯ ವಾಸನೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದ ನಾನು ಕಣ್ಣಾರೆ ಕಂಡ ಅತಿ ದೂರದ ಊರು ಕಾಶಿ. ಗೋಡೆಯ ಭೂಪಟದ ಮೇಲೆ ಕೋಲಿಟ್ಟು ತುರ್ಕಿ, ರಷ್ಯಾ, ಸ್ಕಾಟ್ಲೆಂಡ್ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದವಳಿಗೆ ಅಲ್ಲಿಯ ಜನ ಸಂಜೆಯ ಚಹಕ್ಕೆ ಏನು ತಿನ್ನುತ್ತಾರೆಂಬುದು ಗೊತ್ತಿರಲಿಲ್ಲ. ನಿವೃತ್ತಿಯ ದಿನ ಶಾಲೆಯವರು ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ಕರೆಂಟಿನ ಓವನ್ ಕೊಟ್ಟರು. ಇನ್ನು ಮೇಲೆ ಈಕೆಯ ಬಾಯಿ ಮನೆಯವರ ಮೇಲೆ ಬೀಳುತ್ತದೆ, ಕೈಗಾದರೂ ಕೆಲಸವಿರಲಿ ಎಂದು ಅಂದುಕೊಂಡಿರಬೇಕು. ನಾನು ಅದನ್ನು ಹುಬ್ಬಳ್ಳಿಯ ಉಣಕಲ್ಲಿನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲಿಟ್ಟು, ವಾರಕ್ಕೊಂದು ದೇಶದ ಕೇಕು ಮಾಡುತ್ತೇನೆಂದು ಸಾರಿದೆ. ನಮ್ಮ ಯಜಮಾನರು ಛಲೋ ಆತು ಎಂದರು. ಅವರು ಉಪ್ಪಿಲ್ಲದ ಸಾರಿಗೂ ಹಾಗೇ ಅನ್ನುತ್ತಾರೆ.

ಭೂಪಟದ ಆಸೆ ನನಗಿತ್ತು, ನಿಜ. ಆದರೆ ಕೇಕಿನ ಹಿಂದೆ ಇನ್ನೊಂದು ಕಾರಣವಿತ್ತು. ನಮ್ಮ ಅತ್ತೆ ಊಟ ಬಿಡುತ್ತಿದ್ದರು.

ಅತ್ತೆ ಸುಳ್ಳ ಎಂಬ ಹಳ್ಳಿಯ ಒಕ್ಕಲುತನದ ಮನೆಯ ಮಗಳು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಮದುವೆಯಾಗಿ ಬಂದ ಮರುವಾರವೇ, ನೀನು ಸಾಲಿ ನೋಡಿಕೋ, ಒಲೆ ನಾನು ನೋಡಿಕೊಳ್ಳುತ್ತೇನೆ ಎಂದು ನನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕಿದ್ದರು. ಆ ಮಾತಿನ ಮೇಲೆ ನಾನು ಮೂವತ್ತು ವರ್ಷ ಬಿಸಿ ರೊಟ್ಟಿ ತಿಂದೆ. ಎರಡು ವರ್ಷದ ಕೆಳಗೆ ಅವರ ಕಣ್ಣಿನ ನರ ಒಣಗತೊಡಗಿತು. ಈಗ ಬೆಳಕು ಮತ್ತು ನೆರಳು ಮಾತ್ರ ಕಾಣುತ್ತದೆ. ಆದರೂ ಕೈ ಅಳತೆಯ ಮೇಲೆ ಅಡುಗೆ ನಡೆದೇ ಇತ್ತು. ಒಂದು ಬೆಳಿಗ್ಗೆ ಅವರ ಸೆರಗಿಗೆ ಒಲೆಯ ಬೆಂಕಿ ಹತ್ತಿತು. ನಾನು ಅಲ್ಲೇ ಇದ್ದೆ, ಕೈಯಿಂದ ಬಡಿದು ಆರಿಸಿದೆ. ಸೆರಗಿನಲ್ಲಿ ಅಂಗೈಯಗಲ ತೂತು ಬಿದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ನನಗೆ ಹೆದರಿಕೆಯಾದರೆ ಅದು ಸಿಟ್ಟಾಗಿಯೇ ಹೊರಗೆ ಬರುತ್ತದೆ. "ಇನ್ನ ಮ್ಯಾಲ ಒಲಿ ಹಂತೇಕ ಬರಬ್ಯಾಡ್ರಿ" ಎಂದು ಒದರಿದೆ. ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದ್ದ ಗ್ಯಾಸಿನ ಲೈಟರನ್ನು ತೆಗೆದು ನನ್ನ ಅಲಮಾರಿಯಲ್ಲಿಟ್ಟು ಕೀಲಿ ಹಾಕಿದೆ.

ಅಷ್ಟಕ್ಕೇ ಬಿಡಲಿಲ್ಲ. ಇಷ್ಟು ವರ್ಷದ ಮೇಲೆ ಅಡುಗೆಮನೆ ಕೈಗೆ ಬಂದಿತಲ್ಲ, ಶಿಸ್ತು ತರಲು ಹೊರಟೆ. ಅತ್ತೆ ಡಬ್ಬಿಗಳನ್ನು ಅವುಗಳ ನೆಗ್ಗಿನಿಂದ, ಮುಚ್ಚಳದ ಬಿಗಿಯಿಂದ ಗುರುತು ಹಿಡಿಯುತ್ತಿದ್ದರು. ನಾನು ಎಲ್ಲವನ್ನೂ ಇಳಿಸಿ, ಒರೆಸಿ, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ದುಂಡನೆಯ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ. ನೋಡಿದವರೆಲ್ಲ ಹೊಗಳಿದರು. ಓದಲು ಬಾರದ, ಕಣ್ಣು ಕಾಣದ ಅತ್ತೆಗೆ ಆ ಚೀಟಿಗಳಿಂದ ಏನು ಉಪಯೋಗವೆಂದು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ.

ಅವರು ಜಗಳವಾಡಲಿಲ್ಲ. ಅಡುಗೆಮನೆಯ ಬಾಗಿಲಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತರು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಆ ಕಡೆ ಬಂದಾಗ ಅವರ ಬಲಗೈ ತಾನಾಗಿ ಒಲೆಯ ಪಕ್ಕದ ಗೋಡೆಗೆ ಹೋಗುತ್ತಿತ್ತು. ಬರೀ ಮೊಳೆ ಸಿಕ್ಕ ಮೇಲೆ ಸುಮ್ಮನೆ ಕೆಳಗಿಳಿಯುತ್ತಿತ್ತು. ನಾನು ಅದನ್ನು ನೋಡಿಯೂ ನೋಡದವಳಂತೆ ಇರುತ್ತಿದ್ದೆ. ಎರಡು ರೊಟ್ಟಿ ತಿನ್ನುತ್ತಿದ್ದವರು ಒಂದಕ್ಕೆ ಬಂದರು, ಆಮೇಲೆ ಅರ್ಧಕ್ಕೆ. ಬಳೆಗಳು ಮೊಣಕೈಯವರೆಗೆ ಸರಿದಾಡತೊಡಗಿದವು. ಧಾರವಾಡದ ಡಾಕ್ಟರು ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿ, ರೋಗವೇನೂ ಇಲ್ಲ, ಹೇಗಾದರೂ ಮಾಡಿ ತಿನ್ನಿಸಿರಿ, ಹೀಗೇ ಹೋದರೆ ಬಹಳ ದಿನ ತಡೆಯುವುದಿಲ್ಲ ಎಂದರು. ಹೊಸ ರುಚಿಗಾದರೂ ನಾಲಿಗೆ ಎದ್ದೀತೆಂದು ನಾನು ಕೇಕಿನ ಬೆನ್ನು ಹತ್ತಿದೆ.

ಮೊದಲು ಆರಿಸಿದ್ದು ತುರ್ಕಿಯವರ ರವೆಯ ಕೇಕು. ಅತ್ತೆ ತತ್ತಿ ಮುಟ್ಟುವವರಲ್ಲ. ಯುರೋಪಿನ ಅರ್ಧ ಭೂಪಟ ತತ್ತಿಯ ಮೇಲೆಯೇ ನಿಂತಿದೆ ಎಂಬುದು ನನಗೆ ಆ ವಾರ ತಿಳಿಯಿತು. ತುರ್ಕಿಯವರಿಗೂ ತತ್ತಿ ಬೇಕಂತೆ, ಆದರೆ ಅದನ್ನು ಬಿಟ್ಟು ಮೊಸರಿನಲ್ಲಿ ನಡೆಸಬಹುದೆಂದು ಒಂದು ಕಡೆ ಓದಿದ್ದೆ. ರವೆ, ಮೊಸರು, ಸಕ್ಕರೆ, ತುಪ್ಪ ಕಲಸಿ, 'ಸೋಡಾ' ಎಂದು ಬರೆದ ಡಬ್ಬಿಯಿಂದ ಒಂದು ಚಮಚ ಹಾಕಿ ಒಳಗಿಟ್ಟೆ. ಕಾಲು ಗಂಟೆಯಾಗಿರಬಹುದು. ಕುರ್ಚಿಯಲ್ಲಿದ್ದ ಅತ್ತೆ ಮೂಗೆತ್ತಿದರು.

"ತಂಗಿ, ಹಪ್ಪಳ ಮಾಡಾಕತ್ತೀಯೇನ?"

ಇಲ್ಲ, ಕೇಕು ಎಂದೆ. ಪಾಪಡಖಾರದ ವಾಸನೆ ಬರುತ್ತಿದೆ ಎಂದರು. ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರದ ಪುಡಿಗೂ ತುರ್ಕಿಗೂ ಏನು ಸಂಬಂಧ, ನಾನು ಹಾಕಿದ್ದು ಸೋಡಾ, ಡಬ್ಬಿಯ ಮೇಲೆ ಬರೆದೇ ಇದೆ ಎಂದು ವಾದಿಸಿದೆ. ಅವರು ಡಬ್ಬಿ ಕೊಡು ಎಂದು ಕೈ ಚಾಚಿದರು. ಒಂದು ಕಾಳಿನಷ್ಟು ನಾಲಿಗೆಯ ತುದಿಗೆ ಹಚ್ಚಿ ನೋಡಿ, ಡಬ್ಬಿಯನ್ನು ನನಗೆ ತಿರುಗಿ ಕೊಟ್ಟರು. ಬಿಳಿಯ ಪುಡಿ ಕಂಡು ಸೋಡಾ ಎಂದು ಚೀಟಿ ಬರೆದವಳು ನಾನೇ, ಮೂಸಿಯೂ ನೋಡಿರಲಿಲ್ಲ. ಹೊರಗೆ ತೆಗೆದಾಗ ತುರ್ಕಿ ಕಂದುಬಣ್ಣದ ಹಲಗೆಯಾಗಿತ್ತು, ಬಾಯಿಗಿಟ್ಟರೆ ಸಾಬೂನು. ಯಜಮಾನರು ಒಂದು ತುಂಡು ತಿಂದು ಛಲೋ ಆಗೇತಿ ಎಂದರು. ಆ ದಿನ ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಮರುದಿನ ಹಟಕ್ಕೆ ಬಿದ್ದು ಮತ್ತೆ ಮಾಡಿದೆ. ಈ ಸಲ ಮೇಲೆ ಕರಕಲು, ಒಳಗೆ ಹಸಿ. ಓವನ್ನೇ ಸರಿಯಿಲ್ಲ ಎಂದು ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕುರ್ಚಿಯಿಂದ ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಅತ್ತೆ ನನ್ನನ್ನು ಚುಚ್ಚಿದ್ದರು, ನನಗೆ ಒಳಗೊಳಗೇ ಖುಷಿಯಾಯಿತು. ಭಟ್ಟಿ ಎಷ್ಟು ಕಾದಿತ್ತು ಎಂದು ಕೇಳಿದರು. ನೂರಾ ಎಂಬತ್ತು ಎಂದೆ. ನೂರಾ ಎಂಬತ್ತು ಅಂದರೆ ಏನು ಎಂದರು. ನನಗೂ ಗೊತ್ತಿರಲಿಲ್ಲ, ಕೇಕಿನ ಪುಸ್ತಕದಲ್ಲಿ ಹಾಗೆ ಬರೆದಿತ್ತು.

ಆಗ ಅವರು ನಾನು ಈ ಮನೆಗೆ ಬರುವ ಮೊದಲಿನ ಮಾತು ತೆಗೆದರು. ಹಳೇ ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿದ್ದಾಗ ದೀಪಾವಳಿ ಹತ್ತಿರ ಬಂತೆಂದರೆ ಓಣಿಯ ಹೆಂಗಸರೆಲ್ಲ ಹಿಟ್ಟು, ತುಪ್ಪ, ಸಕ್ಕರೆ ಹೊತ್ತುಕೊಂಡು ಬೇಕರಿಯ ಭಟ್ಟಿಗೆ ಹೋಗಿ ನಾನಖಟಾಯಿ ಸುಡಿಸಿಕೊಂಡು ಬರುತ್ತಿದ್ದರಂತೆ. ಬೇಕರಿಯವನು ತನ್ನ ಬ್ರೆಡ್ಡೆಲ್ಲ ತೆಗೆದ ಮೇಲೆ, ಇಳಿಯುವ ಕಾವಿನಲ್ಲಿ ಇವರ ತಟ್ಟೆಗಳನ್ನು ಒಳಗೆ ಬಿಡುತ್ತಿದ್ದನಂತೆ. ಒಂದು ಚಿಟಿಕೆ ಹಿಟ್ಟು ಒಳಗೆ ಎಸೆಯುವುದು. ಕೂಡಲೇ ಕರಿದಾದರೆ ಇನ್ನೂ ಕಾಯಬೇಕು, ಮೆಲ್ಲಗೆ ಕೆಂಪಾದರೆ ಭಟ್ಟಿ ಹದಕ್ಕೆ ಬಂದಂತೆ. ಉಳಿದ ಹೆಂಗಸರು ಹರಟೆ ಹೊಡೆಯುತ್ತಿದ್ದರೆ ಅತ್ತೆ ಭಟ್ಟಿಯ ಬಾಯಿಯ ಹತ್ತಿರ ಕುಳಿತು ಮೂಸುತ್ತಿದ್ದರಂತೆ.

"ವಾಸನಿ ಮೂರು ಸಲ ಬದಲಾಕ್ಕೈತಿ ತಂಗಿ" ಎಂದರು. "ಮೊದಲ ಹಸಿ ಹಿಟ್ಟಿಂದು, ಆಮ್ಯಾಲ ತುಪ್ಪದ್ದು, ಕಡೀಕ ಸಕ್ಕರಿದು. ಸಕ್ಕರಿ ವಾಸನಿ ಬಂತಂದ್ರ ತಗೀಬೇಕು, ಗಡಿಯಾರ ನೋಡ್ಕೋತ ಕುಂದರಬಾರ್ದು."

ಮೂರನೆಯ ಸಲ ನಾನು ಪುಸ್ತಕ ಮುಚ್ಚಿಟ್ಟೆ. ತಟ್ಟೆಯನ್ನು ಒಂದು ಅಂತಸ್ತು ಕೆಳಗೆ ಇಳಿಸಿ, ಕಾವು ಕಡಿಮೆ ಮಾಡಿ, ಅತ್ತೆ ಈಗ ತಗಿ ಎಂದಾಗ ತೆಗೆದೆ. ಹೊಂಬಣ್ಣದ, ಬೆರಳಿಟ್ಟರೆ ತಗ್ಗಿ ಮತ್ತೆ ಏಳುವ ಕೇಕು. ಬಿಸಿಯಿದ್ದಾಗಲೇ ಪಾಕ ಸುರಿದೆ, ಗಟಗಟನೆ ಕುಡಿಯಿತು. ಅಲ್ಲಿಂದ ಮುಂದೆ ವಾರಕ್ಕೊಂದು ದೇಶ ಸಲೀಸಾಗಿ ಬಂತು. ಸ್ಕಾಟ್ಲೆಂಡಿನ ಬೆಣ್ಣೆಯ ಬಿಸ್ಕತ್ತು ಅತ್ತೆಯ ಮೂಗಿಗೆ ಏಲಕ್ಕಿ ಮರೆತ ನಾನಖಟಾಯಿ. ರಷ್ಯಾದ ಜೇನಿನ ಕೇಕು ನಾಲ್ಕು ಪದರದ ಹೋಳಿಗೆ. ನಾನು ಹಿಟ್ಟು ಕಲಸುತ್ತಾ ಆಯಾ ದೇಶದ ನದಿ, ಚಳಿ, ಬೆಳೆ ಹೇಳುವುದು, ಅವರು ಕೇಳುವುದು. ಅಲ್ಲಿಯೂ ಗೋಧಿ ಬೆಳೆಯುತ್ತಾರೆಯೇ, ಹೆಂಗಸರೇ ಸುಡುತ್ತಾರೆಯೇ ಎಂದು ವಿಚಾರಿಸುತ್ತಿದ್ದರು. ಇಂಥ ವಿದ್ಯಾರ್ಥಿ ಮೂವತ್ತು ವರ್ಷದಲ್ಲಿ ನನಗೆ ಒಬ್ಬಳೂ ಸಿಕ್ಕಿರಲಿಲ್ಲ.

ಆದರೆ ತಿನ್ನುತ್ತಿರಲಿಲ್ಲ. ಮೂಸುವರು, ಹದ ಹೇಳುವರು, ತಟ್ಟೆಗೆ ಹಾಕಿಕೊಟ್ಟರೆ ಆಮೇಲೆ ತಿನ್ನುತ್ತೇನೆ ಎನ್ನುವರು. ಸಂಜೆಗೆ ತುಂಡು ತುದಿ ಒಣಗಿ ಹಾಗೇ ಇರುತ್ತಿತ್ತು. ತುರ್ಕಿಯೂ ಸೋತಿತು, ರಷ್ಯಾವೂ ಸೋತಿತು. ಒಂದು ದಿನ ನನಗೆ ತಡೆಯಲಾಗಲಿಲ್ಲ. ಅವರ ಮುಂದೆ ನೆಲದ ಮೇಲೆ ಕುಳಿತು, ನನ್ನ ಮೇಲೆ ಸಿಟ್ಟಿದ್ದರೆ ಬೈಯಿರಿ, ಊಟದ ಮೇಲೆ ಯಾಕೆ ತೀರಿಸಿಕೊಳ್ಳುತ್ತೀರಿ ಎಂದು ಕೇಳಿಬಿಟ್ಟೆ. ಕೇಳುತ್ತಲೇ ಅಳು ಬಂತು.

ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟರು. "ಸಿಟ್ಟಿಲ್ಲ, ಖರೇ ಹೇಳ್ತೇನಿ. ದುಡೀಲಾರದ ಉಣ್ಣೂ ಕೂಳು ಗಂಟಲದಾಗ ಇಳಿಯಂಗಿಲ್ಲ ತಂಗಿ. ಬಾಯಾಗ ತಿರಗತೈತಿ, ಇಳಿಯಂಗಿಲ್ಲ."

ಇಷ್ಟೆಲ್ಲ ಹದ ಹೇಳಿಕೊಡುತ್ತೀರಲ್ಲ, ಅದು ದುಡಿಮೆಯಲ್ಲವೇ ಎಂದೆ. ಮೂಸುವುದು ಎಂದಾದರೂ ಕಾಯಕವಾದೀತೇ ಎಂದು ನಕ್ಕರು. ಕಾಯಕ ಎಂಬ ಮಾತಿನ ಮೇಲೆ ಮಕ್ಕಳಿಗೆ ನಾನು ಎಷ್ಟು ಸಲ ಭಾಷಣ ಬಿಗಿದಿದ್ದೆನೋ. ನನ್ನ ಮನೆಯಲ್ಲಿ ಒಬ್ಬರಿಂದ ಅದನ್ನು ಕಸಿದುಕೊಂಡು ಅಲಮಾರಿಯಲ್ಲಿ ಕೀಲಿ ಹಾಕಿಟ್ಟವಳೂ ನಾನೇ.

ಆದರೂ ಲೈಟರು ಕೊಡುವ ಧೈರ್ಯ ಬರಲಿಲ್ಲ. ಆ ಸೆರಗಿನ ತೂತು ಕಣ್ಣ ಮುಂದೆಯೇ ಇತ್ತು. ಯೋಚಿಸುತ್ತಾ ನಿಂತವಳಿಗೆ ಹೊಳೆಯಿತು: ಓವನ್ನಿನಲ್ಲಿ ಉರಿಯೇ ಇಲ್ಲವಲ್ಲ. ಸೆರಗಿಗೆ ಹತ್ತುವ ಬೆಂಕಿಯಿಲ್ಲ, ತಿರುಗಿಸುವ ಗುಂಡಿ ಇದೆ ಅಷ್ಟೆ. ಅಂದೇ ಚೀಟಿಗಳನ್ನೆಲ್ಲ ನೀರು ಹಚ್ಚಿ ಕಿತ್ತೆ. ಅತ್ತೆ ಹೇಳಿದಂತೆ ಒಂದೊಂದೇ ಡಬ್ಬಿಯನ್ನು ಹಳೆಯ ಜಾಗಕ್ಕೆ ಇಟ್ಟೆ. ಜೀರಿಗೆಯ ಪಕ್ಕ ಸೋಡಾ, ಪಾಪಡಖಾರ ಮೇಲಿನ ಮೂಲೆಗೆ. ಓವನ್ನಿನ ಗುಂಡಿಯ ಪಕ್ಕ, ಬೇಕಾದ ಕಾವಿನ ಗುರುತಿಗೆ ಸರಿಯಾಗಿ ಹಣೆಗೆ ಇಡುವ ನನ್ನದೊಂದು ಹರಳಿನ ಟಿಕಳಿ ಅಂಟಿಸಿದೆ. ಅತ್ತೆ ಅದನ್ನು ಬೆರಳಿಂದ ಮುಟ್ಟಿ ನೋಡಿ, ಭಟ್ಟಿಗೂ ಮುತ್ತೈದೆತನ ಕೊಟ್ಟೆಯಲ್ಲ ಎಂದರು. ಬಿಸಿ ತಟ್ಟೆ ಹಿಡಿಯಲು ದಪ್ಪ ಅರಿವೆಯ ಎರಡು ಕೈಗವಸು ಹೊಲಿದುಕೊಟ್ಟೆ.

ಸೋಮವಾರ ಅವರು ನಾನಖಟಾಯಿ ಮಾಡುತ್ತೇನೆಂದರು. ನಾನು ಅಡುಗೆಮನೆಯಲ್ಲಿ ಇರಕೂಡದು ಎಂಬುದು ಕರಾರು.

ಹೊರಗಿನ ಕೋಣೆಯಲ್ಲಿ ಕುಳಿತೆ. ಯಜಮಾನರು ಪೇಪರು ಓದುತ್ತಿದ್ದರು, ನಾನು ಕಿವಿಯಿಂದ ಅಡುಗೆಮನೆ ಓದುತ್ತಿದ್ದೆ. ಡಬ್ಬಿಯ ಮುಚ್ಚಳ ತೆರೆದ ಸಪ್ಪಳ. ತುಪ್ಪ, ಸಕ್ಕರೆಯನ್ನು ಅಂಗೈಯಿಂದ ತಾಟಿನ ಮೇಲೆ ತಿಕ್ಕುವ ಸಪ್ಪಳ, ಅದು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಆಮೇಲೆ ಓವನ್ನಿನ ಬಾಗಿಲು. ಹಸಿ ಹಿಟ್ಟಿನ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ತುಪ್ಪದ್ದು. ಆಮೇಲೆ ಸಕ್ಕರೆಯದು, ನನಗೂ ಸ್ಪಷ್ಟವಾಗಿ ತಿಳಿಯಿತು. ಒಳಗಿನಿಂದ ಸದ್ದಿಲ್ಲ. ಏಳಬೇಕೆನಿಸಿತು. ಯಜಮಾನರು ಪೇಪರಿನಿಂದ ಕಣ್ಣೆತ್ತದೆ, "ಕುಂದರು" ಎಂದರು. ಮದುವೆಯಾದಾಗಿನಿಂದ ಅವರು ಆಡಿದ ಅತ್ಯಂತ ಉಪಯುಕ್ತವಾದ ಮಾತು ಅದು. ನಾನು ಕುಳಿತೆ, ಓವನ್ನಿನ ಬಾಗಿಲು ತೆರೆಯಿತು.

ಕರೆದ ಮೇಲೆ ಹೋದೆ. ಇಪ್ಪತ್ತರಷ್ಟು ನಾನಖಟಾಯಿ ತಾಟಿನಲ್ಲಿ ಆರುತ್ತಿದ್ದವು, ಎಲ್ಲವೂ ಒಂದೇ ಅಳತೆಯವು, ನೆತ್ತಿಯಲ್ಲಿ ಸಣ್ಣ ಬಿರುಕು. ಅತ್ತೆ ಮೊದಲ ಎರಡನ್ನು ನಮ್ಮಿಬ್ಬರ ಕೈಗೆ ಕೊಟ್ಟರು. ಇನ್ನೊಂದನ್ನು ಕೊರಳಿನ ಲಿಂಗಕ್ಕೆ ತೋರಿಸಿ, ಕಣ್ಣು ಮುಚ್ಚಿ, ಬಾಯಿಗೆ ಹಾಕಿಕೊಂಡರು. ಅಗಿದರು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಇಳಿಯಿತು. ಕೈ ಮತ್ತೆ ತಾಟಿಗೆ ಹೋಗಿ ಎರಡನೆಯದನ್ನು ಹುಡುಕಿ ಎತ್ತಿಕೊಂಡಿತು.

ಅದನ್ನು ತಿನ್ನುತ್ತಲೇ ಇದಕ್ಕೆ ಚಹ ಬೇಕು ಎಂದು ಒಲೆಯ ಕಡೆ ತಿರುಗಿದರು. ಬಲಗೈ ಗೋಡೆಗೆ ಹೋಯಿತು. ಬರೀ ಮೊಳೆ. ಕೈ ಎಂದಿನಂತೆ ಕೆಳಗಿಳಿಯಿತು.

ನಾನು ಹೋಗಿ ಅಲಮಾರಿ ತೆರೆದೆ. ಬಂದು ಅವರ ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಗಿಸಿದೆ. ಲೈಟರನ್ನು ಮೊಳೆಗೆ ತೂಗುಹಾಕಿ, ಅವರ ಕೈಯನ್ನು ಹಿಡಿದು ಅದರ ಮೇಲಿಟ್ಟೆ. ಅತ್ತೆ ಅದನ್ನು ಮೇಲಿನಿಂದ ಕೆಳಗೆ ಒಮ್ಮೆ ಸವರಿದರು.

"ನೀ ಹೊರಗ ಕುಂದರು" ಎಂದರು. "ಚಾ ತರ್ತೇನಿ."

ಹೋಗಿ ಕುಳಿತೆ. ಒಲೆ ಕಾಣುವಂತೆ ಕುರ್ಚಿ ಸ್ವಲ್ಪ ಸರಿಸಿಕೊಂಡಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅವರು ಒಂದೊಂದೇ ಹೆಜ್ಜೆ ಇಟ್ಟು ಬಂದು ಬಟ್ಟಲು ನನ್ನ ಕೈಗೆ ಕೊಟ್ಟರು. ಸಕ್ಕರೆ ಒಂದು ಚಮಚ ಹೆಚ್ಚಾಗಿತ್ತು. ಮೂವತ್ತು ವರ್ಷ ಎಲ್ಲರ ತಪ್ಪಿಗೂ ಕೆಂಪು ಗೆರೆ ಎಳೆದವಳು ನಾನು, ಅದನ್ನು ತಳದವರೆಗೆ ಕುಡಿದೆ.