ನಿಂಗವ್ವ ಉಡಿ ತುಂಬಿದಳು

“ಬರೇ ಉಡೀಲೆ ಹೆಣ್ಮಕ್ಕಳನ್ನ ಕಳಸಂಗಿಲ್ರಿ!” ಎಂದು ನಿಂಗವ್ವ ಬಾಗಿಲಿಗೆ ಅಡ್ಡ ನಿಂತಳು. ಹೆಣ್ಮಕ್ಕಳೆಂದರೆ ಆರು ಹೆಣ್ಣುನಾಯಿಗಳು.

ಗದ್ದೆ ಕೂಲಿಗೆ ಹೋಗುವ ಆಕೆ ಮರಳಿ ಎಂಬ ಊರಿನ ಎರಡು ಕೋಣೆಯ ಮನೆಯಲ್ಲಿ ಹತ್ತೊಂಬತ್ತು ನಾಯಿಗಳನ್ನು ತುಂಬಿಕೊಂಡಿದ್ದಳು. ಕಜ್ಜಿ ಹತ್ತಿ, ಅನ್ನ ಸಾಲದೆ ಅವುಗಳ ಎಲುಬುಗಳು ಕಾಣುತ್ತಿದ್ದವು. ಸಾಕುವವರನ್ನು ಗೊತ್ತು ಮಾಡಿಯೇ ನಾವು ಗೆಳೆಯರು ಅವನ್ನು ಒಯ್ಯಲು ಹೋಗಿದ್ದೆವು. ಬೇಡಿಕೊಂಡ ಮೇಲೆ ಗಂಡುನಾಯಿಗಳನ್ನು ಬಿಟ್ಟುಕೊಟ್ಟಳು. ಹೆಣ್ಣುನಾಯಿಗಳ ಸರದಿ ಬಂದಾಗ ಮಾತ್ರ, ತವರಿನಿಂದ ಹೊರಟ ಮಗಳ ಮಡಿಲಿಗೆ ತುಂಬುವಂತೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಹೊರಬಂದವು. ನಾಯಿಗೆ ಸೆರಗೆಲ್ಲಿಂದ ಬರಬೇಕು? ನಾಯಿ ಹಿಡಿಯಲು ತಂದಿದ್ದ ನನ್ನ ಟವೆಲ್ಲನ್ನೇ ಒಡ್ಡಿಸಿ ಆರು ಸಲ ಉಡಿ ತುಂಬಿದಳು. ಕೆಂಪಿ ಎಂಬ ನಾಯಿ ತನ್ನ ಪಾಲಿನ ಕೊಬ್ಬರಿಯನ್ನು ಅಲ್ಲೇ ಮುಗಿಸಿತು.

“ಪಂಚಮಿಗೆ ತವರಿಗೆ ಕರಕೊಂಡ ಬರ್ರಿ ಮತ್ತ” ಎಂದು ಕಣ್ಣೊರೆಸಿಕೊಂಡಳು. ಹೂಂ ಎಂದು ಗಾಡಿ ಹತ್ತಿದೆವು.

ಕೆಂಪಿ ನನ್ನ ಮನೆಗೇ ಬಂತು. ನಾಗರಪಂಚಮಿ ದಿನ, ಯಾರಾದರೂ ಕೇಳಿದರೆ ಏನು ಹೇಳುವುದೆಂದು ನಾಚುತ್ತಲೇ, ಅದನ್ನು ಬೈಕಿನಲ್ಲಿ ಕೂರಿಸಿಕೊಂಡು ಮರಳಿಗೆ ಹೋದೆ. ನಿಂಗವ್ವನ ಬಾಗಿಲಲ್ಲಿ ಆಗಲೇ ಐದು ಬೈಕುಗಳು ನಿಂತಿದ್ದವು. ಒಳಗೆ ಉಳಿದ ಐದು ಹೆಣ್ಣುನಾಯಿಗಳ ನಡುವೆ ನನ್ನ ಐವರು ಗೆಳೆಯರು ಶೇಂಗಾ ಉಂಡಿ ತಿನ್ನುತ್ತಿದ್ದರು. “ಬರ್ರಿ ಬೀಗರ,” ಎಂದಳು ನಿಂಗವ್ವ, “ನೀವ ತಡಾ ಮಾಡಿದ್ರಿ.”