ಬ್ಯಾಡ ಅಂದವರಿಗೊಂದು ಚಹಾ

ಬೆಳಿಗ್ಗೆ ಬಾಜೂ ಮನೆಯ ಹುಡುಗಿ ನನ್ನ ಫೋನಿಗೊಂದು ವಿಡಿಯೊ ಕಳಿಸಿದ್ದಳು. ಮನೆಯಲ್ಲಿ ಒಳ್ಳೆಯ ಚಹಾ ಮಾಡುವುದು ಹೇಗೆ ಎಂದು. ನೀಟಾಗಿ ತಲೆ ಬಾಚಿಕೊಂಡ ಹೆಣ್ಣುಮಗಳೊಬ್ಬಳು, ಒಂದು ಎಂಜಲು ಪಾತ್ರೆಯೂ ಇಲ್ಲದ ಅಡುಗೆಮನೆಯಲ್ಲಿ ನಿಂತು, ಬಂಗಾರ ತೂಗುವವರಂತೆ ಚಹಾಪುಡಿ ಅಳೆಯುತ್ತಿದ್ದಳು. ನಾನು ಬಾಯಿ ತೆರೆದು ನೋಡುತ್ತ ನಿಂತೆ. ಅಷ್ಟರಲ್ಲಿ ನನ್ನ ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿದು, ಸುಟ್ಟ ಹಾಲಿನ ವಾಸನೆ ಪಡಸಾಲೆಯವರೆಗೂ ಹೋಯಿತು. ಮದುವೆಯಾಗಿ ಬಂದಾಗಿನಿಂದ ಚಹಾ ಮಾಡುತ್ತಲೇ ಇರುವವಳು ಚಹಾ ಕಲಿಯಲು ಹೋಗಿ ಇದ್ದ ಚಹಾ ಕಳೆದುಕೊಂಡೆ ನೋಡಿ.

ಒಲೆ ಒರೆಸಬೇಕಿತ್ತು. ಒರೆಸದೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಹೊಸ್ತಿಲ ಮೇಲೆ ಕೂರಬಾರದು ಎಂದು ಬೈಯುತ್ತಿದ್ದ ಅತ್ತೆ ಈಗಿಲ್ಲ, ಹಾಗಾಗಿ ಧೈರ್ಯ. ಈಚೆಗೆ ಹೀಗೆ ಕೂರುವುದು ಹೆಚ್ಚಾಗಿದೆ. ಮೊಣಕಾಲು ನೋಯುತ್ತವೆ, ಸುಳ್ಳಲ್ಲ. ಆದರೆ ಬರೀ ಮೊಣಕಾಲಿನ ದಣಿವಾಗಿದ್ದರೆ ಎಣ್ಣೆ ಹಚ್ಚಿ ತಿಕ್ಕಿದರೆ ಹೋಗುತ್ತಿತ್ತು. ಇದು ಎಲ್ಲಿ ಕೂತಿದೆಯೋ, ಎಲ್ಲಿ ತಿಕ್ಕಬೇಕೋ ತಿಳಿಯದು.

ನಮ್ಮ ಗುಡಗೇರಿಯಲ್ಲಿ ಮನೆಯೊಳಗೆ ಕಾಲಿಟ್ಟವರಿಗೆಲ್ಲ ಚಹಾ ಆಗಲೇಬೇಕು. ಲೈಟ್ ಬಿಲ್ಲಿನವನಿಗೆ, ಲಗ್ನಪತ್ರಿಕೆ ಕೊಡಲು ಬಂದವರಿಗೆ, ರೈಲು ತಪ್ಪಿಸಿಕೊಂಡು ಮುಂದಿನ ಗಾಡಿಯವರೆಗೆ ಹೊತ್ತು ಕಳೆಯಲು ಬಂದ ದೂರದ ನೆಂಟರಿಗೆ. ಬಂದವರ ಮೊದಲ ಮಾತು, "ಚಹಾ ಏನೂ ಬ್ಯಾಡ್ರಿ, ಈಗ ಕುಡದ ಬಂದೀವಿ." ಅದನ್ನು ನಂಬಬಾರದು. ಮೊದಲ ಬ್ಯಾಡ ಬರೀ ಸಭ್ಯಸ್ತಿಕೆ. ಎರಡನೆಯ ಬ್ಯಾಡ ಮನೆಯವರ ಮನಸ್ಸು ನೋಡುವುದಕ್ಕೆ. ಮೂರನೆಯ ಸಲವೂ ಬ್ಯಾಡ ಅಂದರೆ ಆಗ ಸ್ವಲ್ಪ ವಿಚಾರ ಮಾಡಬಹುದು, ಆದರೆ ಅಷ್ಟರಲ್ಲಿ ನೀರು ಕುದಿದಿರುತ್ತದೆ. ಕೇಳಿದ ಕೂಡಲೇ ಹೂಂ ಎಂದವರನ್ನು ಆಸೆಬುರುಕರೆಂದು ಆಡಿಕೊಳ್ಳುತ್ತಾರೆ. ಬ್ಯಾಡ ಅಂದದ್ದನ್ನು ನಂಬಿ ಸುಮ್ಮನಾದವರ ಗತಿ ಅದಕ್ಕಿಂತ ಕೆಟ್ಟದ್ದು. ಹಿಂದೆ ದಕ್ಷಿಣದ ಕಡೆಯ ಟೀಚರೊಬ್ಬರು ನಮ್ಮ ಓಣಿಯಲ್ಲಿ ಬಾಡಿಗೆಗೆ ಇದ್ದರು. ಪಾಪ, ಬಹಳ ಒಳ್ಳೆಯವರು. ಬಂದವರು ಬ್ಯಾಡ ಅಂದರೆ "ಹೌದಾ, ಸರಿ" ಎಂದು ಸುಮ್ಮನಾಗುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಓಣಿಯೆಲ್ಲ ಅವರನ್ನು ಜಿಪುಣಿ ಅನ್ನತೊಡಗಿತು. ನಾನೇ ಹೋಗಿ ತಿಳಿಸಿ ಹೇಳಿದೆ. ಅವರು ನಗಲೋ ಅಳಲೋ ತಿಳಿಯದೆ ನನಗೊಂದು ಚಹಾ ಮಾಡಿಕೊಟ್ಟರು. ನಾನು ಬ್ಯಾಡ ಅಂದಿದ್ದೆ.

ಟೀಚರು ಹೊರಗಿನವರು, ಅವರಿಗೆ ತಿಳಿಯದು. ಆದರೆ ಈ ಸೀಮೆಯಲ್ಲೇ ಹುಟ್ಟಿ ಬೆಳೆದು, ಊರಿಗೆಲ್ಲ ಚಹಾ ಕುಡಿಸಿದ ನಮ್ಮ ಅತ್ತೆ ಒಂದು ದಿನ ಇದೇ ತಪ್ಪು ಮಾಡಿದ್ದರು. ಅದೂ ಒಡಹುಟ್ಟಿದ ತಮ್ಮನ ಮುಂದೆ.

ಅತ್ತೆಯ ತಮ್ಮ ಯರಗುಪ್ಪಿಯವರು. ನಮಗೆಲ್ಲ ಮಾಮಾ. ಗುಡಗೇರಿ ಸಂತೆಗೆ ಬಂದಾಗೆಲ್ಲ ಅಕ್ಕನನ್ನು ಮಾತಾಡಿಸದೆ ಹೋದವರಲ್ಲ. ನಾನು ಮದುವೆಯಾಗಿ ಬಂದ ಮೊದಲ ಸಂತೆಯ ದಿನ ಅವರು ಕಟ್ಟೆಯ ಮೇಲೆ ಕೂತಿದ್ದರು. ಹೊಸ ಸೊಸೆಯ ಹುರುಪು ನನ್ನದು. ಶುಂಠಿ ಜಜ್ಜಿ ಹಾಕಿ ಚಹಾ ಮಾಡಿ, ಕಪ್ಪು ಬಸಿ ಹಿಡಿದುಕೊಂಡು ಹೋದೆ. "ಚಹಾ ಆಗೇತಿ ಯವ್ವಾ," ಅಂದರು. ತವರಿನಲ್ಲಿ ಕಲಿಸಿದಂತೆ ಎರಡನೆಯ ಸಲ ಕೇಳಿದೆ. ಮೂರನೆಯ ಸಲ ಕೇಳುವಷ್ಟರಲ್ಲಿ ಅವರು ಚೀಲ ಹೆಗಲಿಗೇರಿಸಿ ಎದ್ದರು. ಅಡುಗೆಮನೆಗೆ ಬಂದು ನಾನು ಮುಸುಮುಸು ಅಳತೊಡಗಿದೆ. ನನ್ನ ಚಹಾದ ಹಣೆಬರಹವೇ ಹೀಗೆ ಎಂದುಕೊಂಡಿದ್ದೆ. ಅತ್ತೆ ನನ್ನ ಕೈಯಿಂದ ಕಪ್ಪು ತೆಗೆದುಕೊಂಡು, ಆರಿದ ಆ ಚಹಾವನ್ನು ತಾವೇ ನಿಂತಲ್ಲೇ ಕುಡಿದರು. ಅವನು ಬಿಟ್ಟದ್ದು ನಿನ್ನ ಚಹಾ ಅಲ್ಲ, ನನ್ನದು, ಎಂದಷ್ಟೇ ಹೇಳಿದರು.

ಮುಂದೆ ಬಿಡಿಬಿಡಿಯಾಗಿ ತಿಳಿಯಿತು. ನಾನು ಬರುವ ಮುಂಚೆ ಒಂದು ಸಂತೆಯ ದಿನ ಮಾಮಾ ಬಂದಿದ್ದರಂತೆ. ಬಿಸಿಲಲ್ಲಿ ನಡೆದು ಬಂದು ಕೂತು, ಎಲ್ಲರೂ ಅನ್ನುವಂತೆ, ಚಹಾ ಬ್ಯಾಡ ಅಂದರಂತೆ. ಅತ್ತೆ, "ಬ್ಯಾಡೇನು? ಹಂಗಾರ ಬಿಡು," ಅಂದರಂತೆ. ಅಷ್ಟೇ. ಮಾಮಾ ಸ್ವಲ್ಪ ಹೊತ್ತು ಕೂತು, ಎದ್ದು ಹೋದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರು ಚಹಾ ಮುಟ್ಟಲಿಲ್ಲ. ಮಾತು ಬಿಡಲಿಲ್ಲ, ಹೋಗಿ ಬರುವುದು ಬಿಡಲಿಲ್ಲ. ಉಗಾದಿಗೆ ಬಂದು ಹೋಳಿಗೆ ತುಪ್ಪ ಕಲಸಿ ಉಂಡರು. ನನ್ನ ಮಗಳ ಲಗ್ನದಲ್ಲಿ ಹಿರಿಯರಾಗಿ ನಿಂತು ಓಡಾಡಿದರು. ಸುಗ್ಗಿಯಲ್ಲಿ ಹಸಿ ಕಡಲೆಗಿಡದ ಸೂಡು ತಂದು ಕಟ್ಟೆಗೆ ಹಾಕಿದರು. ಚಹಾ ಮಾತ್ರ ಒಲ್ಲೆ. ಸಂತೆಯ ಹೋಟೆಲಿನಲ್ಲಿ ಕುಡಿದು, ಬಾಯಿ ಒರೆಸಿಕೊಂಡೇ ನಮ್ಮ ಮನೆಗೆ ಬರುತ್ತಿದ್ದರು. ಹೋಳಿಗೆಗಿಲ್ಲದ ಸಿಟ್ಟು ಚಹಾಕ್ಕೆ ಯಾಕೆ ಎಂದು ನನ್ನ ಗಂಡನನ್ನು ಕೇಳಿದರೆ, "ಅಕ್ಕ ತಮ್ಮ ಇಬ್ರೂ ಒಂದ ಹೊಟ್ಟ್ಯಾಗ ಹುಟ್ಟ್ಯಾರ, ಬಿಡು," ಅಂದು ಪೇಪರು ಅಡ್ಡ ಹಿಡಿಯುತ್ತಿದ್ದರು.

ಹಠ ಎರಡೂ ಕಡೆಗಿತ್ತು. ಅತ್ತೆ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು, ಅನ್ನಲಿಲ್ಲ. ಆದರೆ ಪ್ರತಿ ಸಂತೆಗೂ ತಮ್ಮನಿಗೆಂದು ಚಹಾ ಇಡುವುದನ್ನು ಬಿಡಲೂ ಇಲ್ಲ. ಮಾಮಾ "ಆಗೇತಿ" ಅಂದ ಮೇಲೆ ಅದನ್ನು ಬೇರೆಯವರಿಗೆ ಕೊಡಲು ಬಿಡುತ್ತಿರಲಿಲ್ಲ. ನಾನು ಒಮ್ಮೆ ಅದನ್ನು ಬಿಸಿ ಮಾಡಿ ಹಾಲಿನವನಿಗೆ ಕೊಡಲು ಹೋಗಿ ಬೈಸಿಕೊಂಡೆ. ಅದು ಅವನ ಚಹಾ, ಅವನು ಕುಡಿಯದಿದ್ದರೆ ನಾನು ಕುಡಿಯುತ್ತೇನೆ, ಅಂದರು. ಎಷ್ಟು ವರ್ಷ ಆರಿದ ಚಹಾ ಕುಡಿದರೋ ಆ ಹೆಣ್ಣುಮಗಳು. ನೆನೆಸಿಕೊಂಡರೆ ಈಗಲೂ ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ.

ಹೋದ ವರ್ಷ ಮಳೆಗಾಲ ಮುಗಿಯುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿಸಿ ಕರೆದುಕೊಂಡು ಬಂದು ಪಡಸಾಲೆಯ ಮಂಚದ ಮೇಲೆ ಮಲಗಿಸಿದೆವು. ಎದ್ದು ಓಡಾಡುವುದು ಇನ್ನು ಕಷ್ಟ ಎಂದು ಡಾಕ್ಟರು ಹೇಳಿದ್ದು ಅತ್ತೆಗೂ ಕೇಳಿಸಿತ್ತು. ತಮ್ಮನಿಗೆ ತಮ್ಮ ಕೈಯಿಂದ ಇನ್ನೊಂದು ಕಪ್ಪು ಚಹಾ ಕೊಡುವುದು ಇನ್ನಿಲ್ಲ ಎಂಬುದೇ ಅವರ ಚಿಂತೆಯೆಂದು ನನಗೆ ಗೊತ್ತಿತ್ತು. ಔಷಧ ಬೇಡ ಅಂದರೂ, ಸಂತೆಯ ದಿನ ಮಾತ್ರ ಬೆಳಗಿನಿಂದ ಬಾಗಿಲ ಕಡೆ ಮುಖ ಮಾಡಿ ಮಲಗುತ್ತಿದ್ದರು.

ನನ್ನ ಚಿಂತೆ ಬೇರೆ. ಮನೆಯಲ್ಲಿ ಮಲಗಿದವರಿದ್ದರೆ ಊರು ನೋಡಲು ಬರುತ್ತದೆ. ಅಣ್ಣಿಗೇರಿಯ ಬೀಗರು, ಕುಂದಗೋಳದ ಬಳಗ, ಹೆಸರೇ ಗೊತ್ತಿಲ್ಲದವರು. ಮಂಚದ ಪಕ್ಕ ಕೂತು, ತಮ್ಮ ಕಡೆಯವರ ಯಾರ್ಯಾರ ಎಲುಬು ಹೇಗೆ ಹೇಗೆ ಮುರಿದವು, ಅವರಲ್ಲಿ ಯಾರು ಬದುಕಲಿಲ್ಲ ಎಂಬುದನ್ನೆಲ್ಲ ಮಲಗಿದವರ ಮುಂದೆಯೇ ಹೇಳಿ, ಚಹಾ ಬ್ಯಾಡ ಅಂದು, ಕುಡಿದು ಹೋಗುತ್ತಿದ್ದರು. ಅತ್ತೆಯ ಹಾಸಿಗೆ ಬದಲಿಸಬೇಕು, ಬೆನ್ನು ಒರೆಸಬೇಕು, ನಡುನಡುವೆ ಚಹಾ. ಬೋಗಣಿ ಒಲೆಯಿಂದ ಇಳಿದದ್ದೇ ಇಲ್ಲ. ಜೀವ ಹೈರಾಣಾಗಿ ಹೋಗಿತ್ತು.

ಅಂಥ ಒಂದು ಸಂತೆಯ ದಿನ ಮಧ್ಯಾಹ್ನ ಮಾಮಾ ಬಂದರು. ಕಟ್ಟೆಯ ಮೇಲೆ ಕೂರದೆ ಒಳಗೆ ಬಂದು ಅಕ್ಕನ ಕಾಲ ಬಳಿ ಕೂತರು. ಅತ್ತೆ ನನ್ನ ಕಡೆ ನೋಡಿದರು. ಆ ನೋಟಕ್ಕೆ ಒಂದೇ ಅರ್ಥ, ಚಹಾ ಇಡು. ನಾನು ಎದ್ದು ನಿಂತೆ.

"ಮಾಮಾರ, ಇವತ್ತ ನಾ ನಿಮ್ಮನ್ನ ಚಹಾ ಕೇಳೂದಿಲ್ರಿ," ಅಂದೆ. "ಕೇಳಾಕೂ ತ್ರಾಣ ಇಲ್ಲ ನನಗ."

ಅಂದವಳು ಅಲ್ಲೇ ನೆಲಕ್ಕೆ ಕುಸಿದು ಕೂತು ಅಳತೊಡಗಿದೆ. ನಾಚಿಕೆ, ಸಿಟ್ಟು, ಎಲ್ಲ ಒಟ್ಟಿಗೇ ಬಂದವು. ಅತ್ತೆ ಜಂತಿಯ ಕಡೆ ನೋಡುತ್ತ ಮಾತಾಡಿದರು.

"ಆಕಿಗೇನೂ ಅನಬ್ಯಾಡೋ ತಮ್ಮಾ. ಅವತ್ತ ನಾನೂ ಹಿಂಗ ಇದ್ನಿ. ಮುಂಜಾನಿಂದ ಕಡ್ಲಿ ಕಿತ್ತ ಬಂದಿದ್ನಿ. ಕೈ ತುಂಬ ಗಿಡದ ಹುಳಿ ಹತ್ತಿ ಉರೀತಿದ್ದು. ಒಲಿ ಮುಂದ ಕುಂದ್ರಾಕ ಆಗ್ಲಿಲ್ಲ. ನೀ ಬ್ಯಾಡ ಅಂದಿ, ಅಷ್ಟ ಸಾಕಾತು ನನಗ."

ಯಾವತ್ತು ಎಂದು ಮಾಮಾ ಕೇಳಲಿಲ್ಲ. "ಹೇಳಬೇಕಿಲ್ಲೇನಬೇ ಅಕ್ಕಾ," ಅಂದರು.

"ನೀ ಎಲ್ಲಿ ಕೇಳಿದಿ?"

ಮಾಮಾ ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನೀ ಎರಡನೇ ಸರತಿ ಕೇಳಲಿಲ್ಲಂತ ನಾ ಇಷ್ಟ ವರ್ಷ ಸಿಟ್ಟ ಹಿಡದ ಕುಂತೆ. ನಾ ಒಂದ ಸರತೀನೂ ಕೇಳಲಿಲ್ಲಲ್ಲಬೇ, ದಣದೀಯೇನಂತ."

ಆಮೇಲೆ ಅವರು ಎದ್ದು, ನನಗೆ ಕೂತೇ ಇರು ಎಂದು ಕೈ ಮಾಡಿ, ಅಡುಗೆಮನೆಗೆ ನಡೆದರು. ಜನ್ಮದಲ್ಲಿ ಒಲೆ ಹಚ್ಚಿದವರಲ್ಲ. ಅತ್ತೆ ಮಲಗಿದಲ್ಲಿಂದಲೇ ಕೂಗಿ ಹೇಳತೊಡಗಿದರು. ಮೊದಲು ನೀರು, ಹಾಲಲ್ಲ. ಶುಂಠಿ ಹೆಚ್ಚಬಾರದು, ಜಜ್ಜಬೇಕು. ನೀರು ಮರಳಿದ ಮೇಲೆ ಪುಡಿ, ಉರಿ ಸಣ್ಣದು. ಪುಡಿ ಬಣ್ಣ ಬಿಟ್ಟ ಮೇಲೆ ಸಕ್ಕರೆ, ಆಮೇಲೆ ಹಾಲು. ಬೆಲ್ಲದ ಡಬ್ಬಿಗೆ ಕೈ ಹಾಕಿದರೆ ಹಾಲು ಒಡೆಯುತ್ತದೆ, ಹುಷಾರು. ಹಾಲು ಹಾಕಿದ ಮೇಲೆ ಒಂದು ಉಕ್ಕು ಬರಲಿ, ಇಳಿಸಿ, ಮತ್ತೊಂದು ಉಕ್ಕು ಬರಲಿ. ಆಮೇಲೆ ಮುಚ್ಚಿಟ್ಟು ಸುಮ್ಮನೆ ನಿಲ್ಲಬೇಕು. "ಒಲಿ ಬಿಟ್ಟ ಕದಲಬ್ಯಾಡ ಲೇ," ಎಂದು ಅತ್ತೆ ಕೂಗಿದಾಗ ಒಳಗೆ ಇಕ್ಕಳ ಬಿದ್ದ ಸಪ್ಪಳವಾಯಿತು. ನಾನು ಏಳಲಿಲ್ಲ. ಇಷ್ಟು ವರ್ಷದಲ್ಲಿ ಈ ಚಹಾದ ವಿವರ ಅತ್ತೆ ನನಗೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ಮಾಮಾ ಚಹಾ ತಂದರು. ಬಸಿಯಲ್ಲಿ ಅರ್ಧ ಚೆಲ್ಲಿತ್ತು. ಅತ್ತೆ, ಎಷ್ಟೆಂದರೂ ರೂಢಿ, "ನನಗ ಬ್ಯಾಡೋ," ಅಂದರು. ಮಾಮಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಅತ್ತೆಯ ತಲೆ ಎತ್ತಿ ಹಿಡಿದೆ, ಅವರು ಬಸಿಗೆ ಹಾಕಿ ಊದಿ ಊದಿ ಕುಡಿಸಿದರು. ಆಮೇಲೆ ಅದೇ ಕಪ್ಪಿನಲ್ಲಿ ಉಳಿದದ್ದನ್ನು ತಾವು ಎತ್ತಿ ಕುಡಿದರು. ಚಹಾ ಗಂಟಲಲ್ಲಿ ಇಳಿಯುವವರೆಗೂ ಅತ್ತೆ ತಮ್ಮನನ್ನೇ ನೋಡುತ್ತಿದ್ದರು.

ಬೋಗಣಿಯಲ್ಲಿ ಉಳಿದದ್ದನ್ನು ನಾನೂ ಕುಡಿದೆ. ಆ ಚಹಾ ಹೇಗಿತ್ತು ಎಂದು ಕೇಳಬೇಡಿ. ಶುಂಠಿ ಜಾಸ್ತಿ, ಪುಡಿ ಕುದ್ದು ಕಹಿ. ಅತ್ತೆ, "ಚಲೋ ಆಗೇತಿ," ಅಂದರು. ನನ್ನ ಚಹಾಕ್ಕೆ ಒಂದು ದಿನವೂ ಬಾರದ ಮಾತು ಅದು. ಆ ದುಃಖದ ನಡುವೆಯೂ ನನಗೆ ಹೊಟ್ಟೆಕಿಚ್ಚಾಯಿತು, ಹೇಳಿಬಿಡುತ್ತೇನೆ.

ಉಗಾದಿಯ ಮುಂಚೆಯೇ ಅತ್ತೆ ಹೋದರು. ಅಲ್ಲಿಯವರೆಗೆ ಮಾಮಾ ಪ್ರತಿ ಸಂತೆಗೂ ಬಂದರು, ಪ್ರತಿ ಸಲವೂ ಕುಡಿದರು. ಕಳೆದುಹೋದ ವರ್ಷಗಳು ಅದರಿಂದ ತುಂಬಲಿಲ್ಲ. ತುಂಬುತ್ತವೆ ಎಂದು ಅವರಿಬ್ಬರೂ ಅಂದುಕೊಂಡಿರಲಿಲ್ಲ.

ಮಾಮಾ ಈಗಲೂ ಬರುತ್ತಾರೆ. ಇವತ್ತೂ ಬಂದರು. ನಾನಿನ್ನೂ ಹೊಸ್ತಿಲ ಮೇಲೆ ಕೂತೇ ಇದ್ದೆ. ಗಡಬಡಿಸಿ ಸೆರಗು ಸರಿಮಾಡಿಕೊಂಡು, ಬರ್ರಿ ಮಾಮಾರ, ಚಹಾ ಇಡ್ತೀನಿ, ಎಂದು ಏಳಲು ಹೋದೆ. ಅವರು ಬ್ಯಾಡ ಎಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ನನ್ನ ಮುಖ ನೋಡಿದರು.

"ದಣದೀಯೇನ ಯವ್ವಾ?"

"ಇಲ್ಲರೀ," ಅಂದೆ. "ನನಗೇನಾಗೇತಿ."

ಅವರು ನಿಧಾನವಾಗಿ ನನ್ನ ಎದುರಿನ ಮಣೆಯ ಮೇಲೆ ಕೂತರು. ಇನ್ನೊಮ್ಮೆ ಕೇಳಿದರು.

"ಹೌದ್ರಿ ಮಾಮಾರ," ಅಂದೆ. "ಭಾಳ ದಣದೀನಿ."